ಮಾವನವರ ಕೊರಳಿಗೆ ಬಿದ್ದ ಹಾರ

ಮಧ್ಯಾಹ್ನ ಮಾವನವರಿಗೆ ರಾಗಿ ಗಂಜಿ ಕುಡಿಸಿ, ಬಾಯಿ ಒರೆಸಿ, ಮಗ್ಗುಲು ಬದಲಿಸಿ ಮಲಗಿಸಿದ ಮೇಲೆ ನನಗೆ ಒಂದೂವರೆ ಗಂಟೆ ಬಿಡುವು ಸಿಗುತ್ತಿತ್ತು. ಅವರ ಮಂಚದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಸಿನಿಮಾ ನೋಡುತ್ತಿದ್ದೆ. ಎಂಥ ಸಿನಿಮಾ ಅಂತ ಯಾರಾದರೂ ಕೇಳಿದ್ದರೆ ಭಕ್ತಿ ಸಿನಿಮಾ ಅಂತ ಸುಳ್ಳು ಹೇಳುತ್ತಿದ್ದೆ. ನಾನು ನೋಡುತ್ತಿದ್ದುದು ಹೆಣ, ಕಾಯಿಲೆ, ಕೆಟ್ಟ ಗಂಡಂದಿರು, ಅವರಿಗಿಂತ ಕೆಟ್ಟ ಮಕ್ಕಳು ತುಂಬಿದ, ಆದರೂ ಹೊಟ್ಟೆ ಹಿಡಿದುಕೊಂಡು ನಗಿಸುವ ಸಿನಿಮಾಗಳನ್ನು.

ಒಂದರಲ್ಲಿ ಮೂರನೇ ಮಹಡಿಯಿಂದ ಇಳಿಸುತ್ತಿದ್ದ ಶವದ ಪೆಟ್ಟಿಗೆ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಮೇಲಿದ್ದವರು ಕೆಳಗೆ ಬರುವ ಹಾಗಿಲ್ಲ. ಮೊದಲ ದಿನ ಎಲ್ಲರೂ ಅಳುತ್ತಾರೆ. ಮೂರನೆಯ ದಿನ ಅದೇ ಪೆಟ್ಟಿಗೆಯ ಮೇಲೆ ಟೀ ಲೋಟ ಇಟ್ಟುಕೊಂಡು, ಸಕ್ಕರೆ ಕಡಿಮೆಯಾಯಿತು ಅಂತ ಜಗಳ ಆಡುತ್ತಾರೆ. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕೆ. ನಕ್ಕು ಮುಗಿಸಿ ಪಕ್ಕಕ್ಕೆ ತಿರುಗಿದರೆ ಮಾವ ಸೂರು ನೋಡುತ್ತಾ ಮಲಗಿದ್ದರು.

ಅವರಿಗೆ ಸ್ಟ್ರೋಕ್ ಆಗಿ ಆಗ ಎರಡು ವರ್ಷ ದಾಟಿತ್ತು. ಬಲಗೈ, ಬಲಗಾಲು, ಮುಕ್ಕಾಲು ಮಾತು ಹೋಗಿತ್ತು. ಅತ್ತೆ ಮೊದಲೇ ತೀರಿಕೊಂಡಿದ್ದರು. ನಮ್ಮವರು ಬೆಳಿಗ್ಗೆ ಅರಸೀಕೆರೆ ಪೇಟೆಯ ಕೊಬ್ಬರಿ ಮಂಡಿಗೆ ಹೋದರೆ ಬರುವುದು ಸಂಜೆಗೇ. ನನ್ನ ತವರು ಹಳೇಬೀಡು, ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆ ದಾರಿ. ಎರಡು ವರ್ಷದಲ್ಲಿ ಒಂದು ಸಲವೂ ಹೋಗಿರಲಿಲ್ಲ. ಅಕ್ಕನ ಮನೆಯ ಹಿಂದಿನ ಕೆರೆ ಏರಿಯ ಮೇಲೆ ಎರಡು ದಿನ ಸುಮ್ಮನೆ ಕೂತು ಬರಬೇಕು, ಅಷ್ಟೇ ನನ್ನ ಆಸೆ. ಕೇಳಿದಾಗಲೆಲ್ಲ ನಮ್ಮವರು, "ಅಪ್ಪಾಜೀದು ಒಂದು ನೋಡ್ಕೊಂಡು ಹೋಗುವಂತೆ ಕಣೇ" ಅನ್ನುತ್ತಿದ್ದರು. ಅದರ ಅರ್ಥ ಏನೆಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ.

ನೋಡಲು ಬಂದವರು ಬಾಳೆಹಣ್ಣು ಇಟ್ಟು, "ನೀನು ಮಾಡೋ ಸೇವೆ ಆ ಶಿವನಿಗೇ ಮುಟ್ಟುತ್ತೆ ಕಣಮ್ಮ" ಅಂದು ಕಾಫಿ ಕುಡಿದು ಹೋಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಅಷ್ಟೆಲ್ಲ ಮುಟ್ಟುವುದಾದರೆ ಒಂದು ದಿನ ಬೆಡ್‌ಪ್ಯಾನನ್ನೂ ಶಿವನೇ ತೊಳೆಯಲಿ! ಆ ಸಿನಿಮಾಗಳಲ್ಲಿ ಯಾರೂ ಯಾರಿಗೂ ಪುಣ್ಯ ಹಂಚುತ್ತಿರಲಿಲ್ಲ. ಸಿಕ್ಕಿಹಾಕಿಕೊಂಡವರು ಸಿಕ್ಕಿಹಾಕಿಕೊಂಡೇ ಇರುತ್ತಿದ್ದರು, ಕಷ್ಟಪಟ್ಟು ಒಳ್ಳೆಯವರೂ ಆಗುತ್ತಿರಲಿಲ್ಲ. ಅವರನ್ನು ನೋಡುವಾಗ ನನ್ನ ಎದೆ ಸ್ವಲ್ಪ ಸಡಿಲವಾಗುತ್ತಿತ್ತು. ಆಮೇಲೆ ಭಯವೂ ಆಗುತ್ತಿತ್ತು, ನಾನು ಕಲ್ಲಾಗಿಬಿಟ್ಟೆನೇನೋ ಅಂತ.

ಒಂದು ಸೋಮವಾರ ನಾನೂ ನಮ್ಮವರೂ ಸೇರಿ ಮಾವನಿಗೆ ಸ್ನಾನ ಮಾಡಿಸಿದೆವು. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡುವುದನ್ನು ಅವರು ಬಿಟ್ಟಿರಲಿಲ್ಲ. ಹಣೆಗೆ, ತೋಳಿಗೆ ವಿಭೂತಿ ಹಚ್ಚಿ, ನಡುಮನೆಯ ಗೋಡೆಗೆ ಒರಗಿಸಿ, ಕಾಲು ಮಡಿಸಿ ಕೂರಿಸಿದೆವು. ವಾಲಬಾರದೆಂದು ಎದೆಗೆ ಪಂಚೆ ಸುತ್ತಿ ಕಿಟಕಿ ಸರಳಿಗೆ ಕಟ್ಟಿದೆವು. ನಮ್ಮವರು ಮಂಡಿಗೆ ಹೊರಟರು. ಪೂಜೆ ಮುಗಿಸಿ ಮಾವ ಕೂತಲ್ಲೇ ನಿದ್ದೆ ಹೋದರು. ನಾನು ಬಟ್ಟೆ ಒಗೆಯಲು ಹಿತ್ತಲಿಗೆ ಹೋದೆ.

ನಮ್ಮ ಜನ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಬೀಳದ ಹಾಗೆ ಗೋಡೆಗೆ ಕಟ್ಟಿ ಕೂರಿಸುತ್ತೇವೆ. ಬಂದವರು ಹಾರ ಹಾಕಿ ಕಾಲಿಗೆ ಬೀಳುತ್ತಾರೆ. ಮಾವನನ್ನೂ ಹಾಗೇ ಕೂರಿಸಿದ್ದೇವೆ ಅನ್ನುವುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅದೇ ಹೊತ್ತಿಗೆ ಮಾವನ ತಂಗಿ, ನಮ್ಮ ಸಣ್ಣತ್ತೆ, ಹೇಳದೆ ಕೇಳದೆ ಹಗರೆಯಿಂದ ಬಸ್ಸಿಗೆ ಬಂದಿದ್ದರು. ದೇವರ ಪಟಕ್ಕೆಂದು ಸ್ಟ್ಯಾಂಡಿನಲ್ಲಿ ಕೊಂಡ ಸೇವಂತಿಗೆ ಹಾರ ಅವರ ಕೈಯಲ್ಲೇ ಇತ್ತು.

"ಅಯ್ಯೋ ಅಣ್ಣಯ್ಯಾ, ನನ್ನ ಬಿಟ್ಟು ಹೋದ್ಯಲ್ಲೋ! ಒಂದು ಫೋನಾದ್ರೂ ಮಾಡಬಾರದಾಗಿತ್ತೇನ್ರವ್ವಾ!"

ಆ ಅಳು ಹಿತ್ತಲಿಗೆ ಕೇಳಿಸಿತು. ನಾನು ಬೆಡ್‌ಶೀಟ್ ಹಿಂಡುವುದನ್ನು ನಿಲ್ಲಿಸಿದೆ. ಮಾವ ಹೋದರು ಅಂದುಕೊಂಡೆ. ಅದರ ಬೆನ್ನಿಗೇ ಬಂದ ಯೋಚನೆಯನ್ನೂ ಹೇಳಿಬಿಡುತ್ತೇನೆ. ಹನ್ನೊಂದನೇ ದಿನ ಶಿವಗಣಾರಾಧನೆ, ಹನ್ನೆರಡನೇ ದಿನ ಬೆಳಗಿನ ಬಸ್ಸು. ಸಣ್ಣತ್ತೆ ಇನ್ನೊಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ನಾನು ಹಳೇಬೀಡಿನಲ್ಲಿ ಇಳಿದಾಗಿತ್ತು. ಆಮೇಲೆ ಒಳಗೆ ಓಡಿದೆ.

ಮಾವನ ಕೊರಳಲ್ಲಿ ಹಾರ, ಕಾಲ ಬಳಿ ಸಣ್ಣತ್ತೆ, ಬಾಗಿಲಲ್ಲಿ ಎದುರುಮನೆಯಾಕೆ. ಮಾವ ಕಣ್ಣು ಬಿಟ್ಟುಕೊಂಡು, ಅಳುತ್ತಿದ್ದ ತಂಗಿಯನ್ನು ನೋಡಿದರು, ನನ್ನನ್ನು ನೋಡಿದರು.

"ಕಾಫಿ" ಅಂದರು.

ಸಣ್ಣತ್ತೆ ಕಿಟಾರನೆ ಕಿರುಚಿ ಹಿಂದಕ್ಕೆ ಬಿದ್ದರು. ನನಗೆ ನಗು ಬಂತು. ತಡೆಯಲು ಆಗಲೇ ಇಲ್ಲ, ಬಾಗಿಲು ಹಿಡಿದುಕೊಂಡು ಹಾಗೇ ನೆಲಕ್ಕೆ ಕುಸಿದೆ. ಮಾವ ಮಾತಾಡಿದ್ದು ಕೇಳಿಸದ ಎದುರುಮನೆಯಾಕೆ ನನ್ನನ್ನು ಅಪ್ಪಿಕೊಂಡು, "ಅತ್ತುಬಿಡು ಕಣಮ್ಮ, ತಡ್ಕೋಬೇಡ" ಅಂದಳು. ನಾನು ಇನ್ನಷ್ಟು ನಕ್ಕೆ.

ಸಣ್ಣತ್ತೆ ಮುಖ ತೊಳೆದುಕೊಂಡು, "ಯಾರ ಹತ್ರಾನೂ ಹೇಳಬೇಡ ಕಣವ್ವ" ಅಂತ ಆಣೆ ಮಾಡಿಸಿಕೊಂಡು ಎದುರುಮನೆಗೆ ಹೋಗಿ ಕೂತರು. ನಾನು ಕಾಫಿ ಮಾಡಿ ತಂದೆ. ಹಾರ ತೆಗೆಯಲು ಹೋದರೆ ಮಾವ ಎಡಗೈಯಿಂದ ನನ್ನ ಕೈ ತಡೆದರು.

"ಅವಳು... ಅತ್ತಾಗ..."

"ಹೂಂ, ಮಾವ."

"ನಾನು... ಹೋದೆ ಅನ್ಕಂಡೆ."

ಅಷ್ಟಕ್ಕೇ ಅವರಿಗೆ ದಮ್ಮು ಬಂತು. ಸುಧಾರಿಸಿಕೊಂಡು ಇನ್ನೊಂದು ಮಾತು ಸೇರಿಸಿದರು.

"ಸದ್ಯ... ಅನ್ನಿಸ್ತು."

ನಾನು ಲೋಟ ಹಿಡಿದುಕೊಂಡು ಅವರ ಮುಖವನ್ನೇ ನೋಡಿದೆ. ಎರಡು ವರ್ಷ ಒಂದೇ ಕೋಣೆಯಲ್ಲಿ ಇಬ್ಬರೂ ಒಂದನ್ನೇ ಕಾಯುತ್ತಾ ಕೂತಿದ್ದೆವು. ನನಗೆ ಅದು ಗೊತ್ತಿರಲಿಲ್ಲ.

"ನಂಗೂ ಸದ್ಯ ಅನ್ನಿಸ್ತು, ಮಾವ" ಅಂದೆ.

ಅವರ ಬಾಯಿಯ ಎಡಗಡೆ ಮೇಲಕ್ಕೆ ಹೋಯಿತು. ಭುಜ ಕುಲುಕಿತು. ಹಾರದಿಂದ ಒಂದು ಸೇವಂತಿಗೆ ಎಸಳು ಕಾಫಿಗೆ ಬಿತ್ತು. ನಾನು ಅದನ್ನು ಬೆರಳಲ್ಲಿ ತೆಗೆದುಹಾಕಿ ಕಾಫಿ ಕುಡಿಸಿದೆ.