ಹಾಜರಿ ಪುಸ್ತಕದಲ್ಲಿ ಗುರುವಾರ

ಸವಣೂರಿನ ಹಮೀದುನ್ನೀಸಾ ಹನ್ನೊಂದು ವರ್ಷ ಒಂದೇ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದರು. ಆದರೆ ಶಾಲೆಯ ಕಡತಗಳ ಪ್ರಕಾರ ಅವರು ಅಲ್ಲಿ ಒಂದು ವರ್ಷವೂ ಪೂರ್ತಿ ಇದ್ದವರಲ್ಲ. ಅತಿಥಿ ಶಿಕ್ಷಕರ ನೇಮಕ ಮಳೆಗಾಲದಲ್ಲಿ ಶುರುವಾಗಿ ಬೇಸಿಗೆಯ ಹೊತ್ತಿಗೆ ಮುಗಿಯುತ್ತಿತ್ತು. ಮುಂದಿನ ಜೂನ್‌ಗೆ ಮತ್ತೆ ಅರ್ಜಿ, ಮತ್ತೆ ಪ್ರಮಾಣಪತ್ರಗಳ ನಕಲು, ಮತ್ತೆ ಹೊಸಬರಾಗಿ ಸೇರಿಕೊಳ್ಳುವುದು. ಗಂಡ ಸಿರಾಜುದ್ದೀನ ಸವಣೂರಿನ ಪೇಟೆಯಲ್ಲಿ ಖಾರಾ ಕರಿಯುತ್ತಿದ್ದರು. ತಾವು ಕರಿದ ಖಾರಾ ವಾರಕ್ಕೇ ಮೆತ್ತಗಾಗುತ್ತದೆ, ಬೇಗಂ ಸಾಹೇಬರ ನೌಕರಿ ಮಾತ್ರ ಹತ್ತು ತಿಂಗಳು ಗರಿಗರಿಯಾಗಿರುತ್ತದೆ ಎಂದು ಅವರು ಗಿರಾಕಿಗಳ ಮುಂದೆಯೇ ಚೇಷ್ಟೆ ಮಾಡುವರು.

ಶಾಲೆ ಇದ್ದದ್ದು ದುಂಡಸಿಯಿಂದ ಆಚೆ, ದಿನಕ್ಕೆ ಮೂರು ಸಲ ಬಸ್ಸು ಬರುವ ಊರಿನಲ್ಲಿ. ಸಿಬ್ಬಂದಿ ಕೋಣೆಯ ಗೋಡೆಯ ಮೇಲಿನ ಹಲಗೆಯಲ್ಲಿ ಏಳು ಹುದ್ದೆಗಳ ಪಟ್ಟಿ ಇತ್ತು. ಕನ್ನಡದ ಮುಂದೆ ಮೊದಲಿನಿಂದಲೂ ‘ಖಾಲಿ’ ಎಂದೇ ಇತ್ತು. ವಿಜ್ಞಾನದ ಮಾಸ್ತರು ನಿವೃತ್ತರಾದಾಗ ಅವರ ಹೆಸರನ್ನೂ ಒರೆಸಿ ಸೀಮೆಸುಣ್ಣದಲ್ಲಿ ‘ಖಾಲಿ’ ಎಂದು ಬರೆದರು. ಆಮೇಲೆ ಹಿಂದಿ, ಚಿತ್ರಕಲೆ, ದೈಹಿಕ ಶಿಕ್ಷಣ. ಕೆಲವು ವರ್ಷಗಳ ನಂತರ ಹಲಗೆಗೆ ಹೊಸ ಬಣ್ಣ ಬಳಿಯಲು ಬಂದ ಪೇಂಟರು, ಯಾರೂ ಬೇಡವೆನ್ನದ್ದರಿಂದ, ಆ ಐದು ‘ಖಾಲಿ’ಗಳನ್ನೂ ಎಣ್ಣೆಬಣ್ಣದಲ್ಲಿ ತಿದ್ದಿ ಖಾಯಂ ಮಾಡಿ ಹೋದ. ಹಮೀದುನ್ನೀಸಾ ಅವರ ಹೆಸರು ಆ ಹಲಗೆಯಲ್ಲಿ ಯಾವತ್ತೂ ಬರಲಿಲ್ಲ. ಅವರು ಕನ್ನಡ ಕಲಿಸಿದರು. ಸಮಾಜ ವಿಜ್ಞಾನ ಓದಿಸಿದರು. ಪ್ರಯೋಗಾಲಯದ ಬೀಗದ ಕೈಯನ್ನು ಪರ್ಸಿನಲ್ಲಿಟ್ಟುಕೊಂಡು, ತಿಂಗಳಿಗೊಮ್ಮೆ ಒಳಹೊಕ್ಕು ಗಾಜಿನ ನಳಿಕೆಗಳ ಧೂಳು ಒರೆಸಿದರು. ಖಾಲಿ ಎಂದು ಬರೆದ ಜಾಗದಲ್ಲಿ ಹನ್ನೊಂದು ವರ್ಷ ನಡೆದಾಡಿದವರಿಗೆ ಕ್ರಮೇಣ ತಮ್ಮ ಹೆಜ್ಜೆಯ ಸಪ್ಪಳವೂ ಇನ್ನೊಬ್ಬರದೆಂಬಂತೆ ಕೇಳತೊಡಗುತ್ತದೆ ಎಂದು ಅವರು ಒಮ್ಮೆ ಹೇಳಿದ್ದುಂಟು.

ಅನುದಾನ ಇಳಿದ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂತು. ಹಾಜರಾತಿಯ ಸರಾಸರಿ ಇಪ್ಪತ್ತೈದಕ್ಕಿಂತ ಕೆಳಗೆ ಹೋದ ತರಗತಿಗಳನ್ನು ಸಮೀಪದ ದೊಡ್ಡ ಶಾಲೆಯೊಂದಿಗೆ ವಿಲೀನ ಮಾಡಬೇಕು. ಇಲ್ಲಿಂದ ಸಮೀಪವೆಂದರೆ ಬಂಕಾಪುರ. ಅಷ್ಟು ದೂರ ಗಂಡುಹುಡುಗರು ಹೋದಾರು, ಹೆಣ್ಣುಮಕ್ಕಳನ್ನು ಕಳಿಸುವವರು ಕಡಿಮೆ. ಒಂಬತ್ತನೇ ತರಗತಿಯ ಪಟ್ಟಿಯಲ್ಲಿ ಇದ್ದದ್ದು ಇಪ್ಪತ್ತೇಳು ಹೆಸರು. ಜನವರಿ ಬಂತೆಂದರೆ ಅವರಲ್ಲಿ ಎಂಟೊಂಬತ್ತು ಮಂದಿ ನಸುಕಿನಲ್ಲಿ ಹಿಂಬದಿ ತೆರೆದ ಗೂಡ್ಸ್ ಟೆಂಪೋ ಗಾಡಿ ಹತ್ತಿ ಬ್ಯಾಡಗಿಗೆ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುತ್ತಿದ್ದರು. ಮಾರ್ಚ್ ತನಕ ಇದೇ.

ಪ್ರಭಾರ ಮುಖ್ಯೋಪಾಧ್ಯಾಯರಾದ ಚನ್ನೇಶ ಹಾನಗಲ್ಲಿನವರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದವು. ಗಣಿತದ ಜೊತೆಗೆ ತಾವೇ ಓದದ ವಿಜ್ಞಾನವನ್ನೂ ಹಿಂದಿನ ರಾತ್ರಿ ಕಲಿತು ಮರುದಿನ ಕಲಿಸುತ್ತಿದ್ದ ಅವರನ್ನು ಯಾರೂ ಸೋಮಾರಿ ಎನ್ನಲಾರರು. ಉಪಾಯ ಅವರದು. ಕೂಲಿಗೆ ಹೋದವರ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡುವುದು. ಶನಿವಾರ ಮಧ್ಯಾಹ್ನ ಮಕ್ಕಳು ಹೋದ ಮೇಲೆ ಚುಕ್ಕೆಗಳ ಮೇಲೆ ಶಾಯಿಯಲ್ಲಿ ಹಾಜರಿಯ ಗುರುತು ಬರೆಯುವುದು. ತಿದ್ದುವ ಕೈ ತರಗತಿಯ ಶಿಕ್ಷಕಿಯದು, ಕೆಳಗಿನ ಸಹಿ ಮುಖ್ಯೋಪಾಧ್ಯಾಯರದು. ಹಮೀದುನ್ನೀಸಾ ಮೊದಲ ವಾರ ಬಾಗಿಲು ಮುಂದೆ ಮಾಡಿಕೊಂಡು ಬರೆದರು, ಆಮೇಲೆ ತೆರೆದಿಟ್ಟೇ ಬರೆದರು. ಮಕ್ಕಳಿಗಾಗಿ ಮಾಡುತ್ತಿದ್ದೇವೆ ಎಂದು ಇಬ್ಬರೂ ನಂಬಿದ್ದರು. ಆ ನಂಬಿಕೆ ಪೂರ್ತಿ ಸುಳ್ಳೂ ಆಗಿರಲಿಲ್ಲ.

ಮಕ್ಕಳಿಗೂ ಇದು ಗೊತ್ತಿತ್ತು. ಹೆಸರು ಕೂಗುವಾಗ ನಡುನಡುವೆ ಮೌನ ಬಿದ್ದರೆ ಕಿಟಕಿಯಾಚೆ ನಿಂತವರಿಗೂ ತಿಳಿಯುತ್ತದೆ ಎಂದು, ಇದ್ದವರು ಇಲ್ಲದವರ ಪರವಾಗಿ ಉತ್ತರ ಕೊಡುವ ರೂಢಿಯನ್ನು ತಾವೇ ಮಾಡಿಕೊಂಡರು. ಕೂಲಿಗೆ ಹೋದ ಅಂಕಿತಾಳ ಹೆಸರಿಗೆ ಉಮೈಮಾ ಉತ್ತರ ಕೊಡುವಳು. ಇಬ್ಬರೂ ಒಂದೇ ಬೆಂಚಿನವರು. ಅಂಕಿತಾಳ ಕೀರಲು ದನಿಯನ್ನು ಉಮೈಮಾ ಎಷ್ಟು ನಿಖರವಾಗಿ ಅನುಕರಿಸುತ್ತಿದ್ದಳೆಂದರೆ ಹಮೀದುನ್ನೀಸಾ ಕೆಲವು ಸಲ ತಲೆ ಎತ್ತಿ ನೋಡುತ್ತಿದ್ದರು. ಒಮ್ಮೆ ಗದರಿದಾಗ ಹುಡುಗಿ ನಕ್ಕಳು.

“ಆಕಿ ಅರ್ಧಾ ನನ್ನೊಳಗ ಅದಾಳ್ರಿ ಅಕ್ಕೋರ. ಉಳದರ್ಧಾ ಮೆಣಸಿನಕಾಯ್ಯಾಗ.”

ತರಗತಿಯೆಲ್ಲ ನಕ್ಕಿತು, ಅವರೂ ನಕ್ಕರು.

ಫೆಬ್ರುವರಿಯ ಒಂದು ಗುರುವಾರ ಸಂಜೆ ಚನ್ನೇಶರ ಫೋನು ಬಂತು. ಮರುದಿನ ಹತ್ತು ಗಂಟೆಗೆ ಮೇಲಧಿಕಾರಿಗಳ ಭೇಟಿ, ಪುಸ್ತಕ ಅಚ್ಚುಕಟ್ಟಾಗಿರಲಿ ಎಂದರು. ಶುಕ್ರವಾರ ಹಮೀದುನ್ನೀಸಾ ಮೊದಲ ಬಸ್ಸಿಗೇ ಬಂದು, ಕಸ ಗುಡಿಸದ ಸಿಬ್ಬಂದಿ ಕೋಣೆಯಲ್ಲಿ ಒಬ್ಬರೇ ಕುಳಿತು, ಸೋಮವಾರದಿಂದ ಗುರುವಾರದವರೆಗಿನ ಚುಕ್ಕೆಗಳನ್ನೆಲ್ಲ ತಿದ್ದಿದರು. ಅಂಕಿತಾಳ ಸಾಲಿನಲ್ಲಿ ನಾಲ್ಕೂ ದಿನ ಹಾಜರಿ. ಅಷ್ಟರಲ್ಲಿ ಬಂದ ಚನ್ನೇಶ ಸಹಿ ಹಾಕಿ, ಪುಟದ ಫೋಟೋ ತೆಗೆದು ಕಚೇರಿಗೆ ಕಳಿಸಿದರು. ಅವರಿಬ್ಬರೂ ಊರಿನವರಲ್ಲ, ಊರಿನ ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ಒಂಬತ್ತೂವರೆಗೆ ಉಮೈಮಾ ಪಾಟೀಚೀಲವಿಲ್ಲದೆ ಬಂದು ಬಾಗಿಲಲ್ಲಿ ನಿಂತಳು. ನಿನ್ನೆ ಸಂಜೆ ಬ್ಯಾಡಗಿಯಿಂದ ಮರಳುವಾಗ ತಿರುವಿನಲ್ಲಿ ಅಂಕಿತಾ ಗಾಡಿಯಿಂದ ಹೊರಗೆ ಬಿದ್ದಳೆಂದೂ, ಆಸ್ಪತ್ರೆ ಮುಟ್ಟುವ ಮೊದಲೇ ಹೋದಳೆಂದೂ ಹೇಳಿದಳು. ಹೇಳುವಾಗ ಅವಳ ಕಣ್ಣು ಮೇಜಿನ ಮೇಲೆ ತೆರೆದಿದ್ದ ಪುಸ್ತಕದ ಮೇಲಿತ್ತು. ಶಾಯಿ ಆಗಿನ್ನೂ ಹಸಿ ಇತ್ತು.

ಅಧಿಕಾರಿಗಳು ಬರಲಿಲ್ಲ. ಶಾಲೆಗೆ ರಜೆ ಕೊಟ್ಟರು.

ಸೋಮವಾರ ಹೆಸರು ಕೂಗುವಾಗ ಪಟ್ಟಿಯ ಮೂರನೇ ಸಾಲಿಗೆ ಬಂದ ನಾಲಿಗೆ ನಿಲ್ಲಲಿಲ್ಲ. ಹೆಸರು ಹೊರಬಿದ್ದುಹೋಯಿತು. ಹಮೀದುನ್ನೀಸಾ ತುಟಿ ಕಚ್ಚಿಕೊಳ್ಳುವಷ್ಟರಲ್ಲಿ, ಕಿಟಕಿಯ ಪಕ್ಕದ ಬೆಂಚಿನಿಂದ ಅದೇ ಕೀರಲು ದನಿ ಉತ್ತರ ಕೊಟ್ಟಿತು. ಉಮೈಮಾ ತಾನೇ ಬೆಚ್ಚಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಯಾರೂ ಅಳಲಿಲ್ಲ. ಇದ್ದ ಮಕ್ಕಳೆಲ್ಲ ಅವಳ ಪಕ್ಕದ ಖಾಲಿ ಜಾಗವನ್ನು ನೋಡಿದರು, ಆಮೇಲೆ ಶಿಕ್ಷಕಿಯನ್ನು. ಅವರು ಮುಂದಿನ ಹೆಸರು ಕೂಗಿದರು. ಆ ದಿನದಿಂದ ಅವರು ತರಗತಿಯಲ್ಲಿ ಪಾಠ ಓದುವಾಗ ಪ್ರತಿ ವಾಕ್ಯದ ಕೊನೆಗೂ ಒಂದು ಕ್ಷಣ ತಡೆದು, ಏನನ್ನೋ ಆಲಿಸಿ, ಮುಂದುವರಿಯುತ್ತಿದ್ದರು. ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ಟು ಕೇಳಿದರೂ ಅವರಿಗೆ ಆ ದನಿ ಕೇಳುತ್ತಿತ್ತು.

ಹದಿನೈದು ದಿನಗಳಾದ ಮೇಲೆ ಅಂಕಿತಾಳ ತಾಯಿ ಫಕ್ಕೀರವ್ವ ಶಾಲೆಗೆ ಬಂದರು. ಕುರ್ಚಿ ಕೊಟ್ಟರೂ ಕುಳಿತದ್ದು ಪಡಸಾಲೆಯ ಮೆಟ್ಟಿಲ ಮೇಲೆ. ಗಾಡಿಯ ಮಾಲೀಕ ಉಳವಪ್ಪ ಪೊಲೀಸರ ಮುಂದೆ ಬೇರೆಯೇ ಹೇಳಿಕೆ ಕೊಟ್ಟಿದ್ದ. ಹುಡುಗಿ ತನ್ನ ಗಾಡಿಯಲ್ಲಿರಲೇ ಇಲ್ಲ. ಶಾಲೆ ಬಿಟ್ಟ ಮೇಲೆ ಎಲ್ಲಿಗೋ ಹೊರಟವಳಿಗೆ ಯಾವುದೋ ವಾಹನ ಬಡಿದಿರಬೇಕು. ದಾರಿಯಲ್ಲಿ ಬಿದ್ದವಳನ್ನು ತಾನು ದಯೆಯಿಂದ ಎತ್ತಿಕೊಂಡು ಆಸ್ಪತ್ರೆಗೆ ಒಯ್ದೆ ಎಂದಿದ್ದ. ಗಾಡಿಯಲ್ಲಿದ್ದ ಹೆಂಗಸರು ಮರುದಿನವೂ ಅದೇ ಗಾಡಿ ಹತ್ತಬೇಕಾದವರು, ಏನೂ ನೋಡಿಲ್ಲವೆಂದರು. ಸಾಕ್ಷಿಯಾಗಿ ಉಳಿದದ್ದು ಹಾಜರಿ ಪುಸ್ತಕ, ಕಚೇರಿಯಿಂದ ಪೊಲೀಸರಿಗೆ ಸಿಕ್ಕ ಅದರ ಫೋಟೋ. ಅದು ಉಳವಪ್ಪನ ಪರವಾಗಿತ್ತು.

ಫಕ್ಕೀರವ್ವ ಜಗಳಕ್ಕೆ ಬಂದಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಬಂದವರಂತೆ ಕೇಳಿದರು.

“ಆವತ್ತ ನನ್ನ ಮಗಳು ಸಾಲಿಗೆ ಬಂದಿದ್ಲೇನ್ರಿ ಅಕ್ಕೋರ? ನಸಿಕಿನ್ಯಾಗ ನಾನ ಬುತ್ತಿ ಕಟ್ಟಿ ಗಾಡಿ ಹತ್ತಿಸಿದೆ. ಪೊಲೀಸರು ನಿಮ್ಮ ಪುಸ್ತಕ ತೋರಿಸಿ, ಇಲ್ಲಬೇ, ಆಕಿ ಸಾಲ್ಯಾಗ ಇದ್ಲು ಅಂತಾರ. ಓದಿದವ್ರು ನೀವು, ಸುಳ್ಳ ಯಾಕ ಬರೀತೀರಿ. ಹಂಗಾರ ಆವತ್ತ ನಾ ಗಾಡಿ ಹತ್ತಿಸಿದ್ದು ಯಾರನ್ನ?”

ಹಮೀದುನ್ನೀಸಾ ಬಾಯಿ ತೆರೆದರು. ಒಳಗಿನಿಂದ ಬಂದ ಚನ್ನೇಶ ಅವರಿಗಿಂತ ಮೊದಲು ಮಾತಾಡಿ, ವಿಚಾರಿಸಿ ತಿಳಿಸುತ್ತೇವೆ, ಈಗ ಹೋಗಿ ಬರ್ರಿ ಎಂದು ಸಮಾಧಾನ ಹೇಳಿ ಕಳಿಸಿದರು. ಫಕ್ಕೀರವ್ವ ಗೇಟಿನವರೆಗೆ ಹೋಗಿ, ಒಂಬತ್ತನೇ ತರಗತಿಯ ಕಿಟಕಿಯ ಕಡೆ ಒಮ್ಮೆ ತಿರುಗಿ ನೋಡಿದರು. ತನಗೆ ಕಾಣದೆ ಮಗಳು ಅಲ್ಲೆಲ್ಲಾದರೂ ಕುಳಿತಿರಬಹುದೆಂದು ಹುಡುಕುವವರ ನೋಟವಾಗಿತ್ತು ಅದು.

ಸಂಜೆ ಸಿಬ್ಬಂದಿ ಕೋಣೆಯಲ್ಲಿ ಚನ್ನೇಶ ಬಹಳ ಹೊತ್ತು ಮಾತಾಡಿದರು. ಸಿಟ್ಟಿನಿಂದಲ್ಲ, ಬೇಡಿಕೊಳ್ಳುವ ದನಿಯಲ್ಲಿ. ಒಂದು ಗುರುತು ಸುಳ್ಳೆಂದರೆ ಉಳಿದವನ್ನೂ ಎಣಿಸುತ್ತಾರೆ. ಎಣಿಸಿದರೆ ಸರಾಸರಿ ಇಳಿಯುತ್ತದೆ. ಇಳಿದರೆ ತರಗತಿ ಹೋಗುತ್ತದೆ, ಜೂನ್‌ನಲ್ಲಿ ಹಮೀದುನ್ನೀಸಾ ಅವರ ಹೆಸರಂತೂ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ತಮ್ಮ ಪಿಂಚಣಿಯ ಮಾತನ್ನು ಅವರು ಎತ್ತಲಿಲ್ಲ. ಎತ್ತದೆ ಬಿಟ್ಟದ್ದು ಇಬ್ಬರಿಗೂ ಗೊತ್ತಾಯಿತು. ಕೊನೆಗೆ ಹೇಳಿದರು:

“ಸತ್ತಾಕೀಗೆ ನಾವೇನೂ ಮಾಡಾಕ ಆಗೂದಿಲ್ಲ ಟೀಚರ್. ಇದ್ದ ಇಪ್ಪತ್ತಾರು ಮಂದೀನ್ನ ನೋಡ್ರಿ.”

“ಆಕಿ ಸತ್ತಾಳಂತ ನಮ್ಮ ಪುಸ್ತಕ ಇನ್ನೂ ಒಪ್ಪವಲ್ದಲ್ಲ ಸರ್,” ಎಂದರು ಹಮೀದುನ್ನೀಸಾ.

ಅವರು ನಾಲ್ಕು ದಿನ ಎಂದಿನಂತೆ ಶಾಲೆಗೆ ಹೋಗಿಬಂದರು. ಮನೆಯಲ್ಲಿ ಹಿಟ್ಟು ನಾದುತ್ತ ಲೆಕ್ಕ ಹಾಕುವರು: ಇಪ್ಪತ್ತಾರು ಬದುಕಿದವರು ಒಂದು ಕಡೆ, ಒಂದು ನಿಜ ಇನ್ನೊಂದು ಕಡೆ. ಎಷ್ಟು ಸಲ ತೂಗಿದರೂ ತಕ್ಕಡಿ ಚನ್ನೇಶರ ಕಡೆಗೇ ವಾಲುತ್ತಿತ್ತು. ಆದರೂ ಮೆಟ್ಟಿಲ ಮೇಲೆ ಕುಳಿತ ಆ ತಾಯಿ ತನ್ನ ಕೈ ಕಟ್ಟಿದ ಬುತ್ತಿಯನ್ನೇ ನಂಬಲಾಗದೆ ಹೋದದ್ದು ತಕ್ಕಡಿಗೆ ಹಾಕುವಂಥ ವಸ್ತುವಾಗಿರಲಿಲ್ಲ. ಸಿರಾಜುದ್ದೀನರು ಈ ಸಲ ಚೇಷ್ಟೆ ಮಾಡಲಿಲ್ಲ. ಹೋಗುವುದಾದರೆ ತಾನೂ ಜೊತೆಗೆ ಬರುತ್ತೇನೆಂದರು. ಬೇಡವೆಂದು ಹಮೀದುನ್ನೀಸಾ ಒಬ್ಬರೇ ಶಿಗ್ಗಾಂವಿಗೆ ಹೋದರು.

ಠಾಣೆಯಲ್ಲಿ ತಮ್ಮ ಕೈಯಿಂದಲೇ ಹೇಳಿಕೆ ಬರೆದುಕೊಟ್ಟರು. ಆ ಗುರುವಾರ ಅಂಕಿತಾ ಶಾಲೆಗೆ ಬಂದಿರಲಿಲ್ಲ. ಹಾಜರಿ ತುಂಬಿದ್ದು ತಾನು, ಅದೂ ಅವಳು ತೀರಿಕೊಂಡ ಮರುದಿನ. ಬೇರೆ ಮಕ್ಕಳ ಹೆಸರಿಗೂ ಹೀಗೆ ಮಾಡಿದ್ದುಂಟೇ ಎಂಬ ಪ್ರಶ್ನೆ ಬಂತು. ಇಲ್ಲವೆಂದಿದ್ದರೆ ತರಗತಿ ಉಳಿಯುತ್ತಿತ್ತೋ ಏನೋ. ಹಮೀದುನ್ನೀಸಾ ಮತ್ತೊಂದು ಸುಳ್ಳನ್ನು ಹುಡುಕಿದರು, ಸಿಗಲಿಲ್ಲ. ಉಳಿದ ಎಂಟು ಹೆಸರು ಬರೆದರು. ಸಹಿಯ ಬಗ್ಗೆ ಕೇಳಿದಾಗ, ಪುಟದ ಕೆಳಗೆ ಯಾರದಿದೆಯೋ ಅವರದೇ ಎಂದಷ್ಟೇ ಹೇಳಿದರು.

ಉಳವಪ್ಪನ ಮೇಲೆ ಪ್ರಕರಣ ದಾಖಲಾಯಿತು. ಫಕ್ಕೀರವ್ವನ ಮಗಳು ಗಾಡಿಯಿಂದ ಬಿದ್ದು ಸತ್ತಳೆಂಬುದು ಕಾಗದದ ಮೇಲೂ ನಿಜವಾಯಿತು. ಚನ್ನೇಶರಿಗೆ ನೋಟೀಸು ಬಂದು, ಬೇಸಿಗೆಯಲ್ಲಿ ಅವರು ಅಮಾನತಾದರು. ಅವರು ಹಮೀದುನ್ನೀಸಾ ಅವರನ್ನು ಬೈಯಲಿಲ್ಲ. ಕೊನೆಯ ದಿನ ಪ್ರಯೋಗಾಲಯದ ಬೀಗದ ಕೈ ಕೇಳಿ ತೆಗೆದುಕೊಂಡು, ಚಹಾ ಕುಡೀರಿ ಎಂದೂ ಹೇಳದೆ ಹೋದರು. ಜೂನ್‌ನಲ್ಲಿ ವಿಲೀನದ ಆದೇಶ ಬಂತು. ಇಪ್ಪತ್ತಾರು ಮಕ್ಕಳಿಗೆ ವರ್ಗಾವಣೆ ಪತ್ರ ಕೊಟ್ಟರು. ಹತ್ತೊಂಬತ್ತು ಪತ್ರಗಳು ಬಂಕಾಪುರದ ಶಾಲೆಗೆ ಮುಟ್ಟಿದವು. ಉಳಿದ ಏಳೂ ಹೆಣ್ಣುಮಕ್ಕಳವು. ಆ ಏಳರಲ್ಲಿ ಉಮೈಮಾ ಇದ್ದಾಳೆಯೇ ಎಂದು ಕೇಳಲು ಹಮೀದುನ್ನೀಸಾ ಎರಡು ಸಲ ಫೋನು ಎತ್ತಿಕೊಂಡರು. ಎರಡು ಸಲವೂ ಇಟ್ಟುಬಿಟ್ಟರು.

ಅವರ ತಾಲೂಕಿನಲ್ಲಿ ಯಾವ ಶಾಲೆಯೂ ಅವರನ್ನು ಕರೆಯಲಿಲ್ಲ. ಸೆಪ್ಟೆಂಬರಿನಲ್ಲಿ ಹಿರೇಕೆರೂರಿನ ಕಡೆಯ ಒಂದು ಪ್ರೌಢಶಾಲೆ, ಬೇರಾರೂ ಅರ್ಜಿ ಹಾಕದ್ದರಿಂದ, ಕರೆದುಕೊಂಡಿತು. ಸೋಮವಾರ ನಸುಕಿನಲ್ಲಿ ಸವಣೂರು ಬಿಟ್ಟರೆ ಶನಿವಾರ ಸಂಜೆ ಮನೆ. ಹನ್ನೆರಡನೆಯ ಸಲ ಹೊಸಬರಾದರು. ಅಲ್ಲಿ ಹಾಜರಿ ತೆಗೆದುಕೊಳ್ಳುವಾಗ ಅವರು ಹೆಸರು ಕೂಗುವುದಿಲ್ಲ. ಬೆಂಚಿನಿಂದ ಬೆಂಚಿಗೆ ನಡೆದು, ಒಂದೊಂದು ಮುಖವನ್ನೂ ನೋಡಿ ಬರೆದುಕೊಳ್ಳುತ್ತಾರೆ. ಮಕ್ಕಳು ಇದನ್ನು ವಿಚಿತ್ರವೆಂದು ತಿಳಿದು, ಒಬ್ಬರಿಗೊಬ್ಬರು ಕಣ್ಣು ಹೊಡೆದು ನಗುತ್ತಾರಂತೆ.

ಮತ್ತೆ ಜನವರಿ ಬಂತು. ಒಂದು ಸೋಮವಾರ ಅವರ ಬಸ್ಸು ಬಂಕಾಪುರ ಕ್ರಾಸಿನಲ್ಲಿ ಪ್ರಯಾಣಿಕರಿಗಾಗಿ ನಿಂತಿದ್ದಾಗ, ಬ್ಯಾಡಗಿಯ ಕಡೆ ಹೊರಟ ಒಂದು ಗೂಡ್ಸ್ ಗಾಡಿ ಪಕ್ಕಕ್ಕೆ ಬಂದು ನಿಂತಿತು. ಉಳವಪ್ಪನ ಗಾಡಿಯಲ್ಲ, ಬೇರೆಯವರದು. ಹಿಂದೆ ಹದಿನೈದಿಪ್ಪತ್ತು ಮಂದಿ ಹೆಣ್ಣುಮಕ್ಕಳು, ಮೆಣಸಿನಕಾಯಿಯ ಘಾಟು ತಾಗದಿರಲೆಂದು ಈಗಿಂದಲೇ ಮೂಗುಬಾಯಿಗೆ ಬಟ್ಟೆ ಸುತ್ತಿಕೊಂಡವರು. ಕಣ್ಣುಗಳಷ್ಟೇ ಕಾಣುತ್ತಿದ್ದವು. ಹಮೀದುನ್ನೀಸಾ ಕಿಟಕಿಯ ಗಾಜು ಸರಿಸಿ, ತರಗತಿಯಲ್ಲಿ ನೋಡುವಂತೆ, ಒಂದೊಂದೇ ಜೊತೆ ಕಣ್ಣನ್ನು ನೋಡುತ್ತ ಹೋದರು. ಯಾರ ಗುರುತೂ ಹತ್ತಲಿಲ್ಲ.

ಗಾಡಿ ಹೊರಟಿತು. ಅಂಚಿನಲ್ಲಿ ಕುಳಿತಿದ್ದ ಒಬ್ಬ ಹುಡುಗಿ ಬಸ್ಸಿನ ಕಿಟಕಿಯ ಕಡೆ ತಿರುಗಿ, ಶಿಕ್ಷಕಿ ಒಳಬಂದಾಗ ತರಗತಿಯಲ್ಲಿ ಎದ್ದು ನಿಲ್ಲುವವಳ ಹಾಗೆ, ಓಡುವ ಗಾಡಿಯಲ್ಲಿ ಅರ್ಧ ಎದ್ದಳು. ಪಕ್ಕದವಳು ಅವಳ ರಟ್ಟೆ ಹಿಡಿದು ಕೆಳಕ್ಕೆ ಜಗ್ಗಿದಳು.