ಎಲ್ಲರೂ ಮೀಡಿಯಂ

ಮಂಗಳವಾರ ಮಧ್ಯಾಹ್ನ ನಾಲ್ಕೂಕಾಲಿಗೆ ನಮ್ಮ ಬೀದಿಯ ಯೂನಿಫಾರಂ ದರ್ಜಿ ತನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತಲ್ಲೇ ಸತ್ತ. ವಯಸ್ಸು ಐವತ್ತೆಂಟು. ಡಾಕ್ಟರು ಹೃದಯ ಎಂದು ಬರೆದುಕೊಟ್ಟರು. ನೋಡಲು ಬಂದವರು ತೂಕ ಎಂದರು. ನೂರಿಪ್ಪತ್ತಿರಬೇಕು ಎಂದು ಒಬ್ಬರು, ನೂರಮೂವತ್ತಕ್ಕೆ ಕಡಿಮೆ ಇಲ್ಲ ಎಂದು ಇನ್ನೊಬ್ಬರು. ಬಾಗಿಲಲ್ಲಿ ನಿಂತಿದ್ದ ಅವನ ಅಕ್ಕ, “ಬದುಕಿದ್ದಾಗ ತೂಗಿದ್ದು ಸಾಲ್ದಾ? ಈಗಲೂ ತೂಗ್ತೀರಾ?” ಎಂದ ಮೇಲೆ ಎಲ್ಲರೂ ಚಪ್ಪಲಿ ಹುಡುಕತೊಡಗಿದರು.

ನಾವಿಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು. ಬೆಂಚಿನ ಮುಕ್ಕಾಲು ಭಾಗ ಅವನದು, ಉಳಿದದ್ದು ನನ್ನದು. ನಮ್ಮ ಶಾಲೆಯಲ್ಲಿ ವರ್ಷಕ್ಕೊಮ್ಮೆ ಯೂನಿಫಾರಂ ಹಂಚುತ್ತಿದ್ದರು. ಡ್ರಿಲ್ ಮೇಷ್ಟ್ರು ಗಂಟು ಬಿಚ್ಚಿ ಒಂದೊಂದೇ ಅಂಗಿ ಎತ್ತಿ ಕತ್ತಿನ ಪಟ್ಟಿಯಲ್ಲಿದ್ದ ಅಳತೆಯನ್ನು ಕೂಗುತ್ತಿದ್ದರು. “ಇಪ್ಪತ್ತೆಂಟು! ಮೂವತ್ತು!” ತಮ್ಮ ಅಳತೆ ಬಂದಾಗ ಮಕ್ಕಳು ಎದ್ದು ಹೋಗಬೇಕು. “ನಲವತ್ತು! ಯಾರಪ್ಪಾ ಇದು, ಮೇಷ್ಟ್ರ ಮನೆ ಪರದೆ?” ಎಂದಾಗ ನನ್ನ ಬೆಂಚು ಒಮ್ಮೆಲೇ ಹಗುರಾಗುತ್ತಿತ್ತು. ಅವನು ಹೋಗಿ ಅಂಗಿ ಹಿಡಿದು ನಗುತ್ತ ಬರುತ್ತಿದ್ದ. ಬಂದು ಕೂತವನು ನನ್ನ ಡಬ್ಬಿಯನ್ನೂ ಖಾಲಿ ಮಾಡುತ್ತಿದ್ದ.

ಅದೇ ಶಾಲೆಗೆ ಅವನು ಇಪ್ಪತ್ತಾರು ವರ್ಷ ಬಟ್ಟೆ ಹೊಲಿದ. ಬಿಳಿ ಅಂಗಿ, ಹುಡುಗರಿಗೆ ನೀಲಿ ಚಡ್ಡಿ, ಹುಡುಗಿಯರಿಗೆ ನೀಲಿ ಲಂಗ. ಅಂಗಡಿ ಎಂದರೆ ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಹಿಂದೆ ಪರದೆ ಕಟ್ಟಿದ ಮೂಲೆ. ಎರಡು ಮಳಿಗೆ ದಾಟಿದರೆ ನಾನು ಕರಡು ತಿದ್ದುವ ಅಚ್ಚುಕೂಟ. ಅಳತೆಗೆ ಬಂದ ಮಕ್ಕಳೆಲ್ಲ ಟೇಪು ಕಂಡ ಕೂಡಲೇ ಉಸಿರು ಎಳೆದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸುತ್ತಿದ್ದವು. ಅವನು ಟೇಪು ಹಿಡಿದು ಸುಮ್ಮನೆ ಕಾಯುತ್ತಿದ್ದ. “ಹೊಟ್ಟೆ ಬಿಡು ತಾಯಿ. ನನಗೇನು ಅವಸರ ಇಲ್ಲ. ನನ್ನ ಹೊಟ್ಟೆ ನೋಡು, ಬಿಟ್ಟು ಐವತ್ತು ವರ್ಷ ಆಯ್ತು.” ಮಗು ನಕ್ಕಾಗ ಹೊಟ್ಟೆ ಹೊರಗೆ ಬರುತ್ತಿತ್ತು. ಆಗ ಅಳತೆ. ಪಕ್ಕದ ಹೊಲಿಗೆಯೊಳಗೆ ಮೂರು ಬೆರಳು ಬಟ್ಟೆ ಮಡಚಿ ಇಟ್ಟೇ ಹೊಲಿಯುತ್ತಿದ್ದ. ವರ್ಷದ ನಡುವೆ ಯಾರಾದರೂ ಬೆಳೆದರೆ ಬಿಚ್ಚಿಕೊಡಲು.

ಅಳತೆ ಪುಸ್ತಕದಲ್ಲಿ ಸಂಖ್ಯೆಯ ಪಕ್ಕ ಅವನು ಕಾರಣವನ್ನೂ ಬರೆಯುತ್ತಿದ್ದ. ಯಾರೂ ಕೇಳಿರಲಿಲ್ಲ. “೩೬. ಆಟದ ಮೈದಾನ ಗೋದಾಮಾದ ವರ್ಷ, ಎರಡಿಂಚು.” “೩೮. ಅಪ್ಪ ಅಮ್ಮ ಇಬ್ಬರದೂ ಎರಡು ಪಾಳಿ. ಡಬ್ಬಿ ಇಲ್ಲ, ಬೇಕರಿ.” “೩೪. ಬೈದರೆ ಅಳುವುದಿಲ್ಲ, ತಿನ್ನುತ್ತದೆ.” “೪೦. ಬೇಡ ಅನ್ನಲು ಬಾರದು.” ಒಂದು ಪುಟದಲ್ಲಿ “೨೬. ಶ್ರೀಮಂತರ ಮಗು, ಊಟಕ್ಕೆ ಮನೆಯವರೆಲ್ಲ ಕಾವಲು ಕೂರುತ್ತಾರೆ, ಪಾಪ” ಎಂದೂ ಇತ್ತು.

ನಾಲ್ಕು ವರ್ಷದ ಹಿಂದೆ, ಹಂಚುವ ದಿನ, ಗಂಟು ಹೊತ್ತು ಅವನೇ ಶಾಲೆಗೆ ಹೋಗಿದ್ದ. ಡ್ರಿಲ್ ಮೇಷ್ಟ್ರು ಬೇರೆಯವರು, ಕೂಗು ಅದೇ. “ನಲವತ್ತೆರಡು!” ಯಾರೂ ಏಳಲಿಲ್ಲ. ಮತ್ತೆ ಕೂಗಿದರು. ಕಡೆಯ ಸಾಲಿನ ಹುಡುಗಿಯೊಬ್ಬಳು ಕಿಟಕಿಯ ಹೊರಗೆ ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಹೊರಗೆ ಇದ್ದದ್ದು ಗೋಡೆ. ಸಂಜೆಯವರೆಗೂ ಅಂಗಿ ಮೇಜಿನ ಮೇಲೆಯೇ ಬಿದ್ದಿತ್ತು. ಅವಳ ಪುಟ ನನಗೆ ತೋರಿಸಿದ. “೪೨. ತಾಯಿ ಕಚೇರಿಗಳಲ್ಲಿ ನೆಲ ಒರೆಸುತ್ತಾಳೆ. ತಮ್ಮ ತಂಗಿಗೆ ಇವಳೇ ಉಣಿಸುವುದು. ಅವು ಬಿಟ್ಟದ್ದನ್ನು ಎಸೆಯಬಾರದು ಅಂತ ಇವಳ ಹೊಟ್ಟೆಗೆ. ಕ್ಲಾಸಲ್ಲಿ ಕೈ ಎತ್ತುವುದಿಲ್ಲ. ಎತ್ತಿದರೆ ಅಂಗಿ ಮೇಲೆ ಹೋಗುತ್ತದೆ.” ಕೈ ಎತ್ತದಿದ್ದುದಕ್ಕೆ ಶಾಲೆಯವರು ಅವಳಿಗೆ ಏನೂ ಬರುವುದಿಲ್ಲ ಎಂದುಕೊಂಡಿದ್ದರು.

ಮರುವರ್ಷ ನಮ್ಮ ಅಚ್ಚುಕೂಟಕ್ಕೆ ಬಂದು ಬಟ್ಟೆಪಟ್ಟಿಯ ಮೇಲೆ ಎಂಟುನೂರು ಲೇಬಲ್ ಅಚ್ಚು ಹಾಕಿಸಿದ. ಎಂಟುನೂರರಲ್ಲೂ ಒಂದೇ ಪದ: ಮೀಡಿಯಂ.

“ಇದು ಕರಡಿನ ತಪ್ಪಲ್ವೇನೋ?” ಎಂದೆ.

“ತಪ್ಪು ಹಿಂದಿನ ವರ್ಷದ್ದು. ಇದು ತಿದ್ದುಪಡಿ.”

ಅಂಗಿಗಳಿಗೆ ಹಾಜರಿ ಸಂಖ್ಯೆಯ ಚೀಟಿ ಚುಚ್ಚಿ ಕಳಿಸಿದ. ಮೇಷ್ಟ್ರಿಗೆ ಕೂಗಲು ಏನೂ ಉಳಿಯಲಿಲ್ಲ. ಒಂದೆರಡು ಸಲ “ಮೀಡಿಯಂ! ಮೀಡಿಯಂ!” ಎಂದು ನೋಡಿ, ಸಪ್ಪೆ ಎನಿಸಿ ಬಿಟ್ಟರು. ಅಂದಿನಿಂದ ಮಕ್ಕಳ ಬಾಯಲ್ಲಿ ಅವನು ಮೀಡಿಯಂ ಮಾಮ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆರೋಗ್ಯ ಕಚೇರಿಗೆ ಊರಿನ ಮಕ್ಕಳ ಬೊಜ್ಜು ಎಣಿಸುವ ಆದೇಶ ಬಂತು. ತೂಕದ ಯಂತ್ರ ಕೊಳ್ಳುವ ಕಡತ ಮೇಲಕ್ಕೆ ಹೋದದ್ದು ಇಳಿದಿರಲಿಲ್ಲ. ಹಾಗಾಗಿ ಅಧಿಕಾರಿಯೊಬ್ಬರು ಯೂನಿಫಾರಂ ಸೈಜುಗಳನ್ನು ಲೆಕ್ಕ ಹಾಕುವ ಉಪಾಯ ಹುಡುಕಿದರು. ನಮ್ಮ ಶಾಲೆಯಿಂದ ಹೋದ ಪಟ್ಟಿಯಲ್ಲಿ ಎಂಟುನೂರು ಮಕ್ಕಳೂ ಮೀಡಿಯಂ. ಬೊಜ್ಜು ಸೊನ್ನೆ. ಸಣಕಲೂ ಸೊನ್ನೆ.

ಪವಾಡ ನೋಡಲು ಅಧಿಕಾರಿ ಸಮಿತಿ ಕಟ್ಟಿಕೊಂಡು ಬಂದರು. ಮಹಡಿ ಮೆಟ್ಟಿಲು ಹತ್ತುತ್ತ ನಡುವೆ ಕುರ್ಚಿ ಹಾಕಿಸಿ ಕೂತು, ಗುಟ್ಟೇನು ಎಂದು ಕೇಳಿದರು. ಹೆಡ್‌ಮಿಸ್ ಒಂದು ಕ್ಷಣವೂ ತಡವರಿಸಲಿಲ್ಲ. “ನನ್ನ ಬೆಳಗಿನ ಭಾಷಣ ಸರ್. ಸಂಯಮದ ಬಗ್ಗೆ. ಹನ್ನೊಂದು ನಿಮಿಷ.” ಸಮಿತಿ ಬರೆದುಕೊಂಡಿತು. ಮುಂದಿನ ತಿಂಗಳು ಹನ್ನೆರಡು ಶಾಲೆಗಳಲ್ಲಿ ಮಕ್ಕಳು ಹನ್ನೊಂದು ನಿಮಿಷ ಬಿಸಿಲಲ್ಲಿ ನಿಂತು ಸಂಯಮ ಕೇಳತೊಡಗಿದವು. ನಮ್ಮ ಶಾಲೆಯ ಕಂಪೌಂಡಿಗೆ ಅಂಟಿಕೊಂಡೇ ಮೂರು ಬೇಕರಿ. ಎಣ್ಣೆ, ಸಕ್ಕರೆ ಅಲ್ಲಿ ಹಣ್ಣಿಗಿಂತ ಅಗ್ಗ. ಅವನ್ನು ಸಮಿತಿ ನೋಡದೆ ಇರಲಿಲ್ಲ. ಚಹಾ ಕುಡಿದದ್ದು ಅಲ್ಲೇ.

ಇಳಿಯುವಾಗ ಅಧಿಕಾರಿಯ ಪ್ಯಾಂಟು ಹಿಂಬದಿ ಬಿಟ್ಟುಕೊಂಡಿತು. ಹತ್ತಿರ ಇದ್ದ ದರ್ಜಿ ಇವನೇ. ಪರದೆಯ ಹಿಂದೆ ಕೂರಿಸಿ ಮೂರು ಬೆರಳು ಬಿಚ್ಚಿ ಹೊಲಿದು ಕೊಟ್ಟ. ಅಧಿಕಾರಿ ಸೊಂಟಪಟ್ಟಿಗೆ ಅವನು ಹಚ್ಚಿದ್ದ ಲೇಬಲ್ ನೋಡಿ ಹಿಗ್ಗಿದರು.

“ನಾನೂ ಮೀಡಿಯಮ್ಮೇನ್ರೀ?”

“ನಮ್ಮಲ್ಲಿ ಎಲ್ಲರೂನೂ ಸರ್.”

ಶಾಲೆಗೆ ಪ್ರಶಸ್ತಿ ಘೋಷಣೆಯಾಯಿತು. ಅಷ್ಟರಲ್ಲಿ ಕಡತವೂ ಇಳಿದು ತೂಕದ ಯಂತ್ರ ಬಂತು. ಬಂದ ಯಂತ್ರ ಸುಮ್ಮನಿರಬಾರದಲ್ಲ. ಶನಿವಾರದ ಸಮಾರಂಭದಲ್ಲಿ, ಪೋಷಕರ ಮುಂದೆ, ವೇದಿಕೆಯ ಮೇಲೆ ಒಬ್ಬೊಬ್ಬರನ್ನೇ ತೂಗಿ ಕಪ್ಪುಹಲಗೆಯ ಮೇಲೆ ಬರೆಯುವುದೆಂದು ನಿಶ್ಚಯವಾಯಿತು.

ಬುಧವಾರ ಆ ನಲವತ್ತೆರಡರ ಹುಡುಗಿ ಅಂಗಡಿಗೆ ಬಂದಳು. ಹತ್ತನೆಯ ತರಗತಿಗೆ ಬಂದಿದ್ದಳು. ತಂದಿದ್ದ ಅಂಗಿ, ಲಂಗ ಎರಡನ್ನೂ ಮಡಚಿ ಮೇಜಿನ ಮೇಲಿಟ್ಟಳು.

“ಯಾರಿಗಾದ್ರೂ ಕೊಡಿ ಮಾಮ. ನನಗಿನ್ನು ಬೇಡ.”

“ಯಾಕೆ ತಾಯಿ, ಹರೀತಾ?”

“ಇಲ್ಲ. ಶನಿವಾರದಿಂದ ಶಾಲೆಗೆ ಹೋಗಲ್ಲ. ಅಮ್ಮನ ಜೊತೆ ಕಚೇರಿ ಒರೆಸೋಕೆ ಹೋಗ್ತೀನಿ. ಅಲ್ಲಿ ಯಾರೂ ತೂಗಲ್ಲ.”

“ಪರೀಕ್ಷೆ?”

“ಹಲಗೆ ಮೇಲೆ ಬರೀತಾರಂತೆ ಮಾಮ. ಸೀಮೆಸುಣ್ಣದಲ್ಲಿ. ದೊಡ್ಡದಾಗಿ.”

ಅವನು ಬಟ್ಟೆ ತೆಗೆದು ಕಪಾಟಿನಲ್ಲಿಟ್ಟ. “ಸೋಮವಾರದ ತನಕ ನನ್ ಹತ್ರ ಇರ್ಲಿ. ಆಮೇಲೆ ಬೇರೆಯವರಿಗೆ ಕೊಡ್ತೀನಿ” ಎಂದ. ಮರುದಿನವಿಡೀ ಗಿರಾಕಿಗಳನ್ನು ವಾಪಸ್ ಕಳಿಸಿದ. ನಾನು ಹೋದಾಗ ಅವನ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ನೋಡಪ್ಪಾ ನಿನ್ನ ಗೆಳೆಯನ್ನ. ಐವತ್ತೆಂಟರಲ್ಲಿ ಚಡ್ಡಿ ಹೊಲ್ಕೊಳ್ತಿದ್ದಾನೆ. ತಲೆ ನೆಟ್ಟಗಿದೆಯಾ ಕೇಳು.”

“ಅಕ್ಕಾ, ಟೇಪಿನ ಆ ತುದಿ ಸ್ವಲ್ಪ ಹಿಡ್ಕೋ” ಎಂದ ಅವನು. ಅಕ್ಕ ಬೈಯುತ್ತಲೇ ಹಿಡಿದಳು. ಎರಡು ಟೇಪು ಗಂಟು ಹಾಕಬೇಕಾಯಿತು.

ಶನಿವಾರ ವೇದಿಕೆಯ ಮೇಲೆ ಯಂತ್ರಕ್ಕೆ ಹಾರ ಹಾಕಿದ್ದರು. ದೊಡ್ಡ ಗಡಿಯಾರದಂಥ ಮುಖ, ಕೆಂಪು ಮುಳ್ಳು. ಹೆಡ್‌ಮಿಸ್ ಹನ್ನೊಂದು ನಿಮಿಷ ಮಾತಾಡಿದರು. “ಮೊದಲನೆಯ ವಿದ್ಯಾರ್ಥಿ ಬರಬಹುದು” ಎಂದು ಅಧಿಕಾರಿ ಮೈಕಿನಲ್ಲಿ ಹೇಳಿದಾಗ ಬಲಗಡೆಯ ಮೆಟ್ಟಿಲು ಕಿರುಗುಟ್ಟಿತು. ಬಿಳಿ ಅಂಗಿ, ನೀಲಿ ಚಡ್ಡಿ, ಬಿಳಿ ಕಾಲುಚೀಲ, ಎಣ್ಣೆ ಹಾಕಿ ಬಾಚಿದ ನರೆಗೂದಲು. ನಾನು ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡೆ, ಬಿಟ್ಟೆ. ಅವನು ಸಾವಕಾಶವಾಗಿ ಯಂತ್ರ ಹತ್ತಿ ನಿಂತ.

ಮುಳ್ಳು ಓಡಿತು. ನೂರಿಪ್ಪತ್ತು ಮುಟ್ಟಿತು, ಅದಕ್ಕಿಂತ ಮುಂದೆ ಯಂತ್ರದಲ್ಲಿ ಸಂಖ್ಯೆ ಇರಲಿಲ್ಲ. ಒಂದು ಸುತ್ತು ಮುಗಿಸಿ ಸೊನ್ನೆ ದಾಟಿ ಮೂರರ ಮೇಲೆ ನಿಂತಿತು. ಬರೆಯಲು ನೇಮಿಸಿದ್ದ ಗುಮಾಸ್ತರು ಕಂಡದ್ದನ್ನು ಬರೆಯುವ ಪ್ರಾಮಾಣಿಕರು. ಹಲಗೆಯ ಮೇಲೆ “೩ ಕೆ.ಜಿ.” ಎಂದು ಬರೆದರು.

“ಯಾರ್ರೀ ನೀವು?” ಎಂದರು ಅಧಿಕಾರಿ.

“ಮೀಡಿಯಂ ಸರ್.” ಅವನು ಜನರಿಗೆ ಬೆನ್ನು ತಿರುಗಿಸಿ ಕಾಲರು ಮಡಚಿ ಲೇಬಲ್ ತೋರಿಸಿದ. “ಮೂರು ವರ್ಷದಿಂದ ಎಲ್ಲರಿಗೂ ಇದೇ ಹಚ್ಚಿದ್ದೀನಿ. ನಿಮ್ಮ ಲೆಕ್ಕಕ್ಕೆ ಬೇಕಾದ ಅಳತೆ ನನ್ನ ಪುಸ್ತಕದಲ್ಲಿದೆ. ಯಾಕೆ ಅನ್ನೋದೂ ಬರೆದಿದ್ದೀನಿ. ಓದ್ತೀರಾದ್ರೆ ಕೊಡ್ತೀನಿ, ಮಕ್ಕಳನ್ನ ಬಿಡಿ.”

ಮಕ್ಕಳು ಒಬ್ಬರ ಕಾಲರನ್ನು ಒಬ್ಬರು ಮಗುಚಿ ನೋಡಿ ಕಿರುಚತೊಡಗಿದವು. ಕಡ್ಡಿಯಂಥವನೂ ಮೀಡಿಯಂ, ಪಿಪಾಯಿಯಂಥವನೂ ಮೀಡಿಯಂ. ಪೋಷಕರಲ್ಲಿ ನಗು ಹಿಂದಿನ ಸಾಲಿನಿಂದ ಮುಂದಕ್ಕೆ ಬಂತು. ಅಧಿಕಾರಿಯ ಕೈ ತಾನಾಗಿಯೇ ತಮ್ಮ ಸೊಂಟಪಟ್ಟಿಗೆ ಹೋಯಿತು. ಅವರು ಪುಸ್ತಕ ಕೇಳಲಿಲ್ಲ. ಹಾರ ಸಮೇತ ಯಂತ್ರವನ್ನು ವ್ಯಾನಿಗೆ ಏರಿಸಿದರು.

ಪ್ರಶಸ್ತಿ ಹೋಯಿತು. ಹೆಡ್‌ಮಿಸ್ ಅವನೊಡನೆ ಮಾತು ಬಿಟ್ಟರು. ಬಟ್ಟೆ ಹೊಲಿಯುವ ಕೆಲಸ ಯಾವುದೋ ಕಾರ್ಖಾನೆಯ ಪಾಲಾಯಿತು. ಕಚೇರಿಯಿಂದ ತಪ್ಪು ಮಾಹಿತಿಯ ಬಗ್ಗೆ ಬಂದ ನೋಟೀಸು ಗಟ್ಟಿ ಕಾಗದದ್ದಾದ್ದರಿಂದ ಅವನು ಅದನ್ನು ಕಾಲರಿನ ಮಾದರಿಗೆ ಕತ್ತರಿಸಿಕೊಂಡ. ಸೋಮವಾರ ಬೆಳಿಗ್ಗೆ ಹುಡುಗಿ ಬಂದು, ಕಪಾಟಿನಿಂದ ತನ್ನ ಬಟ್ಟೆ ತೆಗೆದುಕೊಂಡು, ಪರದೆಯ ಹಿಂದೆ ಉಟ್ಟುಕೊಂಡು ಶಾಲೆಗೆ ಹೋದಳು.

ಆಮೇಲಿನ ಐದು ತಿಂಗಳು ಅವನು ದಿಂಬಿನ ಗವಸು ಹೊಲಿದು ದಿನ ದೂಡಿದ. ನಾನು ಮಧ್ಯಾಹ್ನ ಹೋಗಿ ಕೂರುತ್ತಿದ್ದೆ. ಆ ಮಂಗಳವಾರವೂ ಕೂತಿದ್ದೆ. ಮೂರೂವರೆಗೆ ಶಾಲೆ ಬಿಟ್ಟ ಕೂಡಲೇ ಅವಳು ಬಂದಳು, ಮೈಮೇಲೆ ಶಾಲೆ ಹೊಸದಾಗಿ ಹಂಚಿದ ಕಾರ್ಖಾನೆಯ ಅಂಗಿ, ಎಡಗಂಕುಳ ಕೆಳಗೆ ಚೀಲ ಒತ್ತಿ ಹಿಡಿದು. ಕಾರ್ಖಾನೆಯಲ್ಲಿ ಮೂವತ್ತೆಂಟಕ್ಕಿಂತ ಮೇಲೆ ಹೊಲಿಯುವುದಿಲ್ಲವಂತೆ. ಹೊಲಿಗೆಯೊಳಗೆ ಒಂದು ನೂಲೂ ಬಿಟ್ಟಿರಲಿಲ್ಲ. ಬಿಚ್ಚಲು ಏನೂ ಇರಲಿಲ್ಲ.

“ಹೇಗೆ ಹರೀತು?”

“ಕೈ ಎತ್ತಿದೆ ಮಾಮ. ಉತ್ತರ ಬರ್ತಿತ್ತು.”

ಅವನು ಟೇಪು ತೆಗೆದ. “ಹೊಟ್ಟೆ ಬಿಡು ತಾಯಿ.”

“ಬಿಟ್ಟೇ ಇದ್ದೀನಲ್ಲ. ಇನ್ನೆಷ್ಟು ಬಿಡ್ಲಿ?”

ಅವನು ಕೆಮ್ಮು ಬರುವಷ್ಟು ನಕ್ಕ. ನಲವತ್ತನಾಲ್ಕು ಎಂದು ಬರೆದುಕೊಂಡ. ಯೂನಿಫಾರಮ್ಮಿನ ಬಿಳಿ ಬಟ್ಟೆ ಅಂಗಡಿಯಲ್ಲಿ ಉಳಿದಿರಲಿಲ್ಲ. ಕಪಾಟಿನ ಮೊಳೆಗೆ ತೂಗುಹಾಕಿದ್ದ ತನ್ನ ಯೂನಿಫಾರಂ ಅಂಗಿ ಇಳಿಸಿ, ಬೆನ್ನಿನಿಂದ ಎರಡು ಉದ್ದನೆಯ ಪಟ್ಟಿ ಕತ್ತರಿಸಿದ. ಅವಳು ಪರದೆಯ ಹಿಂದಿನಿಂದ ಅಂಗಿ ಚಾಚಿದಳು. ಎರಡೂ ಪಕ್ಕ ಬಿಚ್ಚಿ ಪಟ್ಟಿ ಕೂರಿಸಿ, ಒಳಗೆ ಮೂರು ಬೆರಳು ಮಡಚಿ, ಯಂತ್ರದಲ್ಲಿ ಎರಡೆರಡು ಸಲ ಓಡಿಸಿದ. ಹಣೆ ಬೆವತಿತ್ತು. ಫ್ಯಾನು ಹಾಕಲೇ ಎಂದು ಕೇಳಿದೆ, ದಾರ ಹಾರುತ್ತೆ ಬೇಡ ಎಂದ.

ಅವಳು ಹಾಕಿಕೊಂಡು ಹೊರಗೆ ಬಂದಳು.

“ಕೈ ಎತ್ತು.”

ಎತ್ತಿದಳು.

“ಎರಡೂ. ಇನ್ನೂ ಮೇಲೆ. ಬಿದ್ದುಹೋಗೋ ಸೂರನ್ನ ಹಿಡಿಯೋ ಥರ.”

ಎರಡೂ ಕೈ ಪೂರ್ತಿ ಮೇಲೆ ಹೋದವು. ಅಂಗಿ ಇದ್ದಲ್ಲೇ ಇತ್ತು. ಬಲಗಡೆಯ ಹೊಲಿಗೆಯ ಕೊನೆಯಲ್ಲಿ ಒಂದು ದಾರ ನೇತಾಡುತ್ತಿತ್ತು. ಗಂಟೆ ನಾಲ್ಕೂಕಾಲು. ಕತ್ತರಿ ಮೇಜಿನ ಆಚೆ ಇತ್ತು. ಅವನು ಸ್ಟೂಲಿನಿಂದಲೇ ಮುಂದಕ್ಕೆ ಬಾಗಿ, ಆ ದಾರವನ್ನು ಹಲ್ಲಿನಿಂದ ಕಡಿದ.