ತಾಂಡೂರು ಸ್ಟೇಷನ್ನಿನಲ್ಲಿ ಕೇಳಿದ ಸೀಟಿ

ಓದುಗರಿಗೆ ನಮಸ್ಕಾರ. ತಡವಾಗಿ ಶಾಲೆ ಕಲಿತವನು ನಾನು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ತಾಂಡೂರು ಸ್ಟೇಷನ್ನಿನ ಬೆಂಚಿನಲ್ಲಿ ನನ್ನ ಪಕ್ಕ ಕುರಿ ಕಾಯುವ ಅಜ್ಜನೊಬ್ಬ ಮೊಮ್ಮಗಳ ಜೊತೆ ಕೂತಿದ್ದ. ಅವಳ ಸೀಳುತುಟಿಯನ್ನು ಯಾವುದೋ ಸೇವಾಸಂಸ್ಥೆಯವರು ಪುಕ್ಕಟೆ ಆಪರೇಷನ್ ಮಾಡಿ ಹೊಲಿದಿದ್ದರಂತೆ.

“ಸೀಟಿ ಹೊಡಿಯವ್ವಾ, ಕಾಕಾ ಕೇಳಲಿ,” ಅಂದ ಅಜ್ಜ. “ಈಗ ಕುರಿ ಎಲ್ಲಾ ಇಕಿ ಮಾತೇ ಕೇಳ್ತಾವ್ರಿ.”

ಹುಡುಗಿ ಹೊಡೆದಳು. ನನ್ನ ಹೊಟ್ಟೆ ಉರಿಯಿತು. ನನ್ನ ಮೀಸೆಯಡಿಯೂ ಅಂಥದೇ ಸೀಳುತುಟಿ. ಸೀಟಿ ಬರಲಿಲ್ಲ ಅಂತಲೇ ಅಪ್ಪ ನನ್ನನ್ನು ಕುರಿ ಬಿಡಿಸಿ ಶಾಲೆಗೆ ಹಾಕಿದ್ದು.

“ದೊಡ್ಡವರಿಗೂ ಮಾಡ್ತಾರೇನ್ರಿ?” ಅಂದೆ.

“ಅಲ್ಲಿ ಸಣ್ಣ ಹುಡುಗ್ರಿಗಷ್ಟೇರಿ.”

ಗಾಡಿ ಬಂತು. ಎದ್ದು ಹೊರಟೆ. ಹಿಂದಿನಿಂದ ಸೀಟಿ ಕೇಳಿತು. ಕುರಿಯಂತೆ ತಿರುಗಿ ನೋಡಿದೆ. ನಾನು ಮರೆತ ಚೀಲ ಅವಳ ಕೈಯಲ್ಲಿತ್ತು.

ಮಕ್ಕಳ ಮೇಲೆ ನಿಮಗೂ ಹೊಟ್ಟೆಕಿಚ್ಚು ಬಂದದ್ದಿದ್ದರೆ ಬರೆದು ತಿಳಿಸಿ.